ನ್ಯಾಯಾಧೀಶರನ್ನೂ ಬಿಡದ ಜೈಲು ಜ್ವರ

1750ರ ಮಾತು. ಲಂಡನ್ನಿನ ಓಲ್ಡ್ ಬೇಲಿ ಕೋರ್ಟಿಗೆ ಪಕ್ಕದ ನ್ಯೂಗೇಟ್ ಜೈಲಿನಿಂದ ಕೈದಿಗಳನ್ನು ವಿಚಾರಣೆಗೆ ಕರೆತಂದರು. ಚಿಕ್ಕ ಕೋಣೆ, ಕಾಲಿಡಲು ಜಾಗವಿಲ್ಲದಷ್ಟು ಜನ. ಸ್ವಲ್ಪ ದಿನದಲ್ಲೇ ಅಲ್ಲಿ ಕೂತಿದ್ದವರು ಜ್ವರದಿಂದ ಮಲಗಿದರು. ಇಬ್ಬರು ನ್ಯಾಯಾಧೀಶರು, ನಗರದ ಮೇಯರ್ ಸೇರಿ 40ಕ್ಕೂ ಹೆಚ್ಚು ಮಂದಿ ತೀರಿಕೊಂಡರು.

ಜನ ಅದನ್ನು ಜೈಲು ಜ್ವರ ಎಂದು ಕರೆಯುತ್ತಿದ್ದರು. ಇವತ್ತಿನ ಹೆಸರು ಟೈಫಸ್. ನಮಗೆ ಗೊತ್ತಿರುವ ಟೈಫಾಯ್ಡ್ ಬೇರೆ, ಇದು ಬೇರೆ. ಕೆಟ್ಟ ವಾಸನೆಯಿಂದ ರೋಗ ಬರುತ್ತದೆಂದು ಆಗ ನಂಬಿದ್ದರು. ಅದಕ್ಕೇ ಕೋರ್ಟಿನಲ್ಲಿ ಘಮ ಘಮ ಸೊಪ್ಪು ಹರಡುತ್ತಿದ್ದರು. ನಿಜವಾಗಿ ರೋಗ ಹರಡುತ್ತಿದ್ದದ್ದು ಬಟ್ಟೆಯ ಹೊಲಿಗೆಯಲ್ಲಿ ಸೇರಿಕೊಳ್ಳುವ ಹೇನು, ಅಂದರೆ ಕೂರೆ. ಇದನ್ನು ಟ್ಯೂನಿಸ್‌ನಲ್ಲಿದ್ದ ವಿಜ್ಞಾನಿ ಚಾರ್ಲ್ಸ್ ನಿಕೋಲ್ 1909ರಲ್ಲಿ ತೋರಿಸಿಕೊಟ್ಟರು. ರೋಗಿಯ ಹಳೆ ಬಟ್ಟೆ ತೆಗೆಸಿ ಸ್ನಾನ ಮಾಡಿಸಿದರೆ ರೋಗ ಹರಡುವುದಿಲ್ಲ ಎಂಬುದೇ ಅವರಿಗೆ ಸಿಕ್ಕ ಸುಳಿವು.

ಹೇನಿನ ವಿಷಯ ಗೊತ್ತಾಗುವ ಎಷ್ಟೋ ಮೊದಲೇ ಜೈಲಿನ ಅವ್ಯವಸ್ಥೆ ಹಿಡಿದವರು ಜಾನ್ ಹೋವರ್ಡ್. 1773ರಲ್ಲಿ ಅವರು ಇಂಗ್ಲೆಂಡಿನ ಬೆಡ್‌ಫರ್ಡ್‌ಷೈರ್ ಜಿಲ್ಲೆಯ ಶೆರಿಫ್ ಆದರು. ಅಲ್ಲಿನ ಜೈಲರನಿಗೆ ಸಂಬಳವಿರಲಿಲ್ಲ, ಕೈದಿಗಳು ಕೊಡುವ ಫೀಸೇ ಅವನ ಆದಾಯ. ತಪ್ಪಿಲ್ಲವೆಂದು ಕೋರ್ಟು ಬಿಟ್ಟವರೂ ಫೀಸು ಕಟ್ಟಲಾಗದೆ ಒಳಗೇ ಕೊಳೆಯುತ್ತಿದ್ದರು. ಬೇರೆ ಜೈಲುಗಳಲ್ಲೂ ಇದೇ ಕಥೆ. ಸಾಲ ತೀರಿಸಲಾಗದವರೂ ಅಲ್ಲೇ. ಹೋವರ್ಡ್ ಊರೂರು ಸುತ್ತಿ ಎಲ್ಲವನ್ನೂ ಬರೆದುಕೊಂಡರು. ಗಲ್ಲಿಗೇರಿ ಸತ್ತವರಿಗಿಂತ ಜೈಲು ಜ್ವರದಿಂದ ಸತ್ತವರೇ ಹೆಚ್ಚು ಎಂದರು.

1774ರಲ್ಲಿ ಇಂಗ್ಲೆಂಡಿನ ಸಂಸತ್ತು ಎರಡು ಕಾನೂನು ತಂದಿತು. ಮೊದಲನೆಯದು, ಬಿಡುಗಡೆಯಾದವರಿಂದ ಫೀಸು ಕೇಳುವಂತಿಲ್ಲ. ಎರಡನೆಯದು, ವರ್ಷಕ್ಕೊಮ್ಮೆ ಗೋಡೆಗೆ ಸುಣ್ಣ ಬಳಿಯಬೇಕು, ಗಾಳಿ ಆಡಬೇಕು, ಸ್ನಾನಕ್ಕೆ ಅನುಕೂಲ, ಕಾಯಿಲೆಯವರಿಗೆ ಬೇರೆ ಕೋಣೆ, ಒಬ್ಬ ವೈದ್ಯ ಇರಬೇಕು. ಆದರೆ ಎಷ್ಟೋ ಜೈಲುಗಳಲ್ಲಿ ಈ ಕಾನೂನು ಜಾರಿಯೇ ಆಗಲಿಲ್ಲ ಎಂಬುದನ್ನೂ ಹೋವರ್ಡ್ ಮತ್ತೆ ಸುತ್ತಿ ಕಂಡುಕೊಂಡರು.

ನಮ್ಮಲ್ಲಿ ಕೊರೊನಾ ಬಂದಾಗಲೂ ಇದೇ ಪ್ರಶ್ನೆ ಎದುರಾಯಿತು. 2020ರ ಮಾರ್ಚ್‌ನಲ್ಲಿ, ಯಾರನ್ನು ಜಾಮೀನು ಅಥವಾ ಪೆರೋಲ್ ಮೇಲೆ ಬಿಡಬಹುದೆಂದು ನೋಡಲು ಪ್ರತಿ ರಾಜ್ಯದಲ್ಲೂ ಸಮಿತಿ ಮಾಡಿ ಎಂದು ಸುಪ್ರೀಂ ಕೋರ್ಟ್ ಹೇಳಿತು. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ 100 ಜನರಲ್ಲಿ 75 ಮಂದಿ ಇನ್ನೂ ತೀರ್ಪು ಬಾರದ ವಿಚಾರಣಾಧೀನ ಕೈದಿಗಳು. ಜಾಮೀನು ಸಿಕ್ಕರೂ ಭದ್ರತೆಯ ಹಣ ಕಟ್ಟಲಾಗದೆ ಒಳಗೇ ಉಳಿದವರು ಈಗಲೂ ಇದ್ದಾರೆ.

ಜೈಲಿನ ಸಿಬ್ಬಂದಿ ಸಂಜೆ ಮನೆಗೆ ಹೋಗುತ್ತಾರೆ. ಕೈದಿ ಕೋರ್ಟಿಗೆ ಬರುತ್ತಾನೆ, ಒಂದು ದಿನ ಊರಿಗೂ ಬರುತ್ತಾನೆ. ಹಾಗಾಗಿ ಒಳಗಿನವರ ಆರೋಗ್ಯ ನೋಡಿಕೊಳ್ಳುವುದೆಂದರೆ ಹೊರಗಿರುವ ನಮ್ಮ ಆರೋಗ್ಯವನ್ನೂ ನೋಡಿಕೊಂಡಂತೆ.