ಬಾಸ್ಟನ್ನಿನ ಓಟವೂ ಅಚ್ಚುಕೂಟದ ಕ್ಲಾರೆನ್ಸ್ ಡಿಮಾರನೂ

1911ನೆಯ ಇಸವಿ ಏಪ್ರಿಲ್ ತಿಂಗಳ 19ನೆಯ ತಾರೀಖು, ಅಮೆರಿಕದ ಬಾಸ್ಟನ್ ನಗರದ ಮ್ಯಾರಥಾನ್ ಓಟಕ್ಕೆ ಸನ್ನದ್ಧರಾಗಿ ನಿಂತಿದ್ದವರನ್ನು ವೈದ್ಯರು ಒಬ್ಬೊಬ್ಬರನ್ನಾಗಿ ಪರೀಕ್ಷಿಸುತ್ತಿದ್ದರು. ಅವರಲ್ಲಿ ಕ್ಲಾರೆನ್ಸ್ ಡಿಮಾರ್ ಎಂಬ 22 ವರ್ಷದ ತರುಣನೊಬ್ಬನಿದ್ದನು. ಹಿಂದಿನ ವರ್ಷ ಇದೇ ಓಟದಲ್ಲಿ ಎರಡನೆಯವನಾಗಿ ಬಂದವನು; ಹೊಟ್ಟೆಪಾಡಿಗೆ ಅಚ್ಚುಕೂಟದಲ್ಲಿ ಕೆಲಸ ಮಾಡುತ್ತಿದ್ದವನು. ಅವನ ಎದೆಗೆ ನಳಿಗೆಯಿಟ್ಟು ಆಲಿಸಿದ ವೈದ್ಯನಿಗೆ ಹೃದಯದ ಬಡಿತದೊಡನೆ ಒಂದು ಮರ್ಮರಶಬ್ದವೂ ಕೇಳಿಸಿತು. ದಣಿವು ತೋರಿದೊಡನೆಯೇ ಓಟವನ್ನು ಬಿಟ್ಟುಬಿಡಬೇಕೆಂದೂ, ಇದೇ ಕೊನೆಯ ಓಟವಾಗಬೇಕೆಂದೂ ಆತನು ಎಚ್ಚರಿಸಿದನು. ಡಿಮಾರನು ಓಡಿದನು. 2 ಘಂಟೆ 21 ನಿಮಿಷ 39 ಸೆಕೆಂಡುಗಳಲ್ಲಿ ಗುರಿಯನ್ನು ಮುಟ್ಟಿ, ಆ ಹಾದಿಯಲ್ಲಿ ಅದುವರೆಗೆ ಯಾರೂ ಓಡದಷ್ಟು ವೇಗದಿಂದ ಓಡಿ ಗೆದ್ದನು. ಆದರೆ ವೈದ್ಯನ ಮಾತು ಮಾತ್ರ ಅವನ ಬೆನ್ನುಬಿಡಲಿಲ್ಲ.

ಈ ಓಟದ ಹುಟ್ಟನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1896ರಲ್ಲಿ ಅಥೆನ್ಸ್ ನಗರದಲ್ಲಿ ಒಲಿಂಪಿಕ್ ಪಂದ್ಯಗಳು ಪುನರುಜ್ಜೀವನಗೊಂಡಾಗ, ಮ್ಯಾರಥಾನ್ ಎಂಬ ಊರಿನಿಂದ ಅಥೆನ್ಸಿನವರೆಗೆ ಸುಮಾರು 40 ಕಿಲೋಮೀಟರುಗಳ ಓಟವನ್ನು ಏರ್ಪಡಿಸಿದ್ದರು. ಅದನ್ನು ಗೆದ್ದ ಸ್ಪಿರಿಡಾನ್ ಲೂಯಿಸ್ ಎಂಬ ಗ್ರೀಕನು ನೀರು ಹೊತ್ತು ಮಾರಿ ಜೀವಿಸುತ್ತಿದ್ದವನು. ಆ ದೃಶ್ಯವನ್ನು ಕಂಡು ಹಿಂದಿರುಗಿದ ಬಾಸ್ಟನ್ನಿನ ಕ್ರೀಡಾಸಂಘದವರು ಮರುವರ್ಷವೇ, ಅಂದರೆ 1897ರ ಏಪ್ರಿಲ್ 19ರಂದು, ತಮ್ಮ ನಗರಕ್ಕೂ ಅಂತಹದೊಂದು ಓಟವನ್ನು ಕಲ್ಪಿಸಿದರು. 1775ರಲ್ಲಿ ಬ್ರಿಟಿಷ್ ಸೈನ್ಯದೊಡನೆ ಅಮೆರಿಕದವರ ಮೊದಲ ಕಾಳಗ ನಡೆದ ದಿನವದು. ಆ ಪ್ರಾಂತದಲ್ಲಿ ಹಬ್ಬದ ರಜೆ. ಆಷ್‌ಲೆಂಡ್ ಎಂಬ ಹಳ್ಳಿಯಿಂದ ಹೊರಟವರು 15 ಮಂದಿ. ನ್ಯೂಯಾರ್ಕಿನ ಜಾನ್ ಮ್ಯಾಕ್‌ಡರ್ಮಟ್ ಎಂಬಾತನು 24.5 ಮೈಲುಗಳನ್ನು 2 ಘಂಟೆ 55 ನಿಮಿಷ 10 ಸೆಕೆಂಡುಗಳಲ್ಲಿ ಓಡಿ ಮೊದಲಿಗನಾದನು.

ಗೆದ್ದವನಿಗೆ ದೊರೆಯುತ್ತಿದ್ದುದು ಎಲೆಯ ಮಾಲೆ, ಪದಕ, ಬಟ್ಟಲು, ಹಣವಲ್ಲ. ಓಡುವವರೆಲ್ಲರೂ 'ಅಮೆಚೂರ'ರಾಗಿರಬೇಕೆಂಬುದು ನಿಯಮ. ವಿಲಾಸಿ ನಾಟಕ ಮಂಡಳಿಗಳ ಮೂಲಕ ಈ ಶಬ್ದವು ಕನ್ನಡಿಗರಿಗೂ ಅಪರಿಚಿತವೇನಲ್ಲ. ಪ್ರೀತಿಗಾಗಿ ಮಾಡುವವನು, ಸಂಬಳಕ್ಕಾಗಿ ಮಾಡುವವನಲ್ಲ ಎಂದರ್ಥ. ಅರ್ಥವೇನೋ ಸುಂದರವಾಗಿದೆ; ಚರಿತ್ರೆ ಅಷ್ಟು ಸುಂದರವಾಗಿಲ್ಲ. 1866ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅಮೆಚೂರ್ ಕ್ರೀಡಾಸಂಘದ ಆರಂಭದ ವರ್ಷಗಳ ನಿಯಮಗಳು ಯಂತ್ರದ ಕೆಲಸಗಾರನನ್ನೂ ಕುಶಲಕರ್ಮಿಯನ್ನೂ ಕೂಲಿಕಾರನನ್ನೂ ಅಮೆಚೂರರ ಪಂಕ್ತಿಯಿಂದ ಹೊರಗಿಟ್ಟಿದ್ದವು. ಮೈಮುರಿದು ದುಡಿಯುವವನಿಗೆ ಆಟದಲ್ಲಿ ಅನ್ಯಾಯವಾದ ಅನುಕೂಲವಿರುವುದೆಂಬ ನೆಪ! 1880ರಲ್ಲಿ ಹೊಸ ಸಂಘವೊಂದು ಏರ್ಪಟ್ಟಾಗ ಓಟದ ಮಟ್ಟಿಗೆ ಆ ನಿರ್ಬಂಧವು ಬಿದ್ದುಹೋಯಿತು; ಹಣದ ನಿರ್ಬಂಧವು ಉಳಿಯಿತು. ಅದು ಎಷ್ಟು ಕಠೋರವಾಗಿತ್ತೆಂಬುದಕ್ಕೆ ಜಿಮ್ ಥಾರ್ಪನ ಕಥೆಯೇ ಸಾಕು. 1912ರ ಒಲಿಂಪಿಕ್ ಪಂದ್ಯಗಳಲ್ಲಿ ಎರಡು ಚಿನ್ನದ ಪದಕಗಳನ್ನು ಗೆದ್ದ ಆ ಅಮೆರಿಕದ ಆದಿವಾಸಿಯು ಹಿಂದೊಮ್ಮೆ ಅಲ್ಪಸ್ವಲ್ಪ ಹಣಕ್ಕಾಗಿ ಚೆಂಡಾಟವಾಡಿದ್ದನೆಂದು 1913ರಲ್ಲಿ ಅವನ್ನು ಕಿತ್ತುಕೊಂಡರು. ಅವನು ಗತಿಸಿದ ಬಹುಕಾಲದ ಮೇಲೆ, 2022ರಲ್ಲಿ, ಅವನೊಬ್ಬನೇ ವಿಜೇತನೆಂಬ ಮನ್ನಣೆಯು ಪೂರ್ಣವಾಗಿ ಮರಳಿತು. ಶ್ರೀಮಂತನಿಗೆ ಈ ನಿಯಮವು ಭೂಷಣ. ದುಡಿದು ಉಣ್ಣುವವನಿಗೆ ಅದರ ಅರ್ಥವೇ ಬೇರೆ: ಕೆಲಸವೂ ಬೇಕು, ಓಟವೂ ಬೇಕು, ಎರಡಕ್ಕೂ ದಿನದಲ್ಲಿರುವುದು ಅವೇ 24 ಘಂಟೆಗಳು.

ಡಿಮಾರನು ಎರಡನೆಯ ಬಗೆಯವನು. 1888ರ ಜೂನ್ 7ರಂದು ಒಹಾಯೋ ಸಂಸ್ಥಾನದ ಮೆಡೀರಾ ಎಂಬಲ್ಲಿ ಜನಿಸಿದ ಇವನು ಎಂಟನೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡನು. ಮನೆಯಲ್ಲಿ ಬಡತನ. ಕೆಲವು ಕಾಲದ ಮೇಲೆ ಬಾಸ್ಟನ್ ಬಂದರಿನ ದ್ವೀಪವೊಂದರಲ್ಲಿದ್ದ ಶಾಲೆಯಲ್ಲಿ, ಬೇಸಾಯವನ್ನೂ ಕಸಬುಗಳನ್ನೂ ಕಲಿಸಿ ಅನಾಥ ಬಾಲಕರನ್ನು ಸಾಕುತ್ತಿದ್ದಲ್ಲಿ, ಬೆಳೆದನು. ಮುಂದೆ ವರ್ಮಾಂಟಿನ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ತನಗೆ ದೂರ ಓಡುವ ಶಕ್ತಿಯಿರುವುದೆಂಬುದನ್ನು ಕಂಡುಕೊಂಡನು. ತಾಯಿಯ ಸಂಸಾರಕ್ಕೆ ಆಧಾರವಾಗಬೇಕಾಗಿ ಬಂದುದರಿಂದ ಓದನ್ನು ಅರ್ಧಕ್ಕೆ ನಿಲ್ಲಿಸಿ ಬಾಸ್ಟನ್ನಿಗೆ ಬಂದು ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದನು. ಓಟದ ಅಭ್ಯಾಸಕ್ಕೆ ಬೇರೆ ವೇಳೆ ಎಲ್ಲಿಂದ ಬರಬೇಕು? ಮನೆಯಿಂದ ಅಚ್ಚುಕೂಟಕ್ಕೆ, ಅಚ್ಚುಕೂಟದಿಂದ ಮನೆಗೆ ಓಡಿಯೇ ಹೋಗಿಬರುತ್ತಿದ್ದನು. ಒಣಗಿದ ಅಂಗಿಯೊಂದನ್ನು ಜೊತೆಯಲ್ಲಿ ಒಯ್ದು, ಬೆವರಿದುದನ್ನು ಅಲ್ಲಿ ಕಳಚಿಟ್ಟು, ದಿನವೆಲ್ಲ ನಿಂತು ಮೊಳೆ ಜೋಡಿಸುತ್ತಿದ್ದನು.

1911ರ ವಿಜಯದ ಮರುವರ್ಷ ಅವನು ಸ್ಟಾಕ್‌ಹೋಮಿನ ಒಲಿಂಪಿಕ್ ಪಂದ್ಯಕ್ಕೆ ಹೋಗಿ 12ನೆಯವನಾದನು. ಅಂದಿನ ಬಿಸಿಲು ಕ್ರೂರವಾಗಿತ್ತು. ಹೊರಟವರಲ್ಲಿ ಸುಮಾರು ಅರ್ಧದಷ್ಟು ಮಂದಿ ದಾರಿಯಲ್ಲಿಯೇ ನಿಂತರು. ಪೋರ್ಚುಗಲ್ ದೇಶದ ಫ್ರಾನ್ಸಿಸ್ಕೊ ಲಾಜಾರೊ ಎಂಬ ಬಡಗಿಯು ಹಾದಿಯಲ್ಲಿ ಕುಸಿದುಬಿದ್ದು ಮರುದಿನ ಪ್ರಾಣಬಿಟ್ಟನು. ಬಿಸಿಲಿನಿಂದ ಚರ್ಮವನ್ನು ಕಾಯಲೆಂದು ಮೈಗೆ ಜಿಡ್ಡು ಬಳಿದುಕೊಂಡುದರಿಂದ ಬೆವರು ಹೊರಡದೆ ಹೋಯಿತೆಂದು ಹೇಳುವರು. ದೀರ್ಘವಾದ ಓಟವು ಹೃದಯವನ್ನು ಸವೆಯಿಸಿ ಆಯುಸ್ಸನ್ನು ಕಡಿಮೆಮಾಡುವುದೆಂದು ಆ ಕಾಲದ ಅನೇಕ ವೈದ್ಯರು ನಂಬಿದ್ದರು. ಇಂತಹ ಮರಣವು ಆ ನಂಬಿಕೆಗೆ ಬಲವನ್ನೇ ಕೊಟ್ಟಿತು. ಡಿಮಾರನು ಬಾಸ್ಟನ್ ಓಟದಿಂದ ದೂರ ಸರಿದನು. ಭಯವೊಂದೇ ಕಾರಣವಾಗಿರಲಿಲ್ಲ. ದೈವಭಕ್ತನೂ, ಭಾನುವಾರದ ಪಾಠಶಾಲೆಯಲ್ಲಿ ಮಕ್ಕಳಿಗೆ ಕಲಿಸುವವನೂ ಆದ ಅವನಿಗೆ, ಗೆಲುವಿನ ಹಂಬಲವು ಅಹಂಕಾರವನ್ನು ಬೆಳೆಯಿಸುವುದೋ ಏನೋ ಎಂಬ ಸಂಶಯವೂ ಇದ್ದಿತು. ನಿಂತುಹೋದ ವಿದ್ಯಾಭ್ಯಾಸವನ್ನೂ ಹಾರ್ವರ್ಡ್ ಮತ್ತು ಬಾಸ್ಟನ್ ವಿಶ್ವವಿದ್ಯಾಲಯಗಳಲ್ಲಿ ಸಂಜೆಯ ವೇಳೆಗಳನ್ನು ಕೂಡಿಸಿ ಮುಂದುವರಿಸಬೇಕಾಗಿದ್ದಿತು. ಓಟಗಾರನೊಬ್ಬನ ಶಕ್ತಿಯು ತುಂಬಿ ನಿಲ್ಲುವ ವರ್ಷಗಳು ಹೀಗೆ ಬರಿದೆ ಕಳೆದವು. 1917ರಲ್ಲಿ ಒಮ್ಮೆ ಬಂದು ಮೂರನೆಯವನಾದನು. ಬಳಿಕ ಯುದ್ಧವು ಅವನನ್ನು ಸೈನ್ಯಕ್ಕೆ ಕರೆಯಿತು.

ಇತ್ತ ಓಟದ ಈ ಹುಚ್ಚು ಕನ್ನಡನಾಡನ್ನೂ ಮುಟ್ಟದೆ ಇರಲಿಲ್ಲ. ಪುಣೆಯ ಡೆಕ್ಕನ್ ಜಿಮಖಾನೆಯ ಕ್ರೀಡೋತ್ಸವದಲ್ಲಿ ಬರಿಗಾಲಿನಿಂದ ಓಡುತ್ತಿದ್ದ ರೈತಾಪಿ ಜನರ ವೇಗವನ್ನು ಕಂಡು ಬೆರಗಾದ ದೊರಾಬ್ಜಿ ಟಾಟಾ ಅವರ ಪ್ರಯತ್ನದಿಂದ 1920ರಲ್ಲಿ ಹಿಂದೂದೇಶದ ಚಿಕ್ಕ ತಂಡವೊಂದು ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರಕ್ಕೆ ಹೋಯಿತು. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು ಅಲ್ಲಿಯ ಮ್ಯಾರಥಾನಿನಲ್ಲಿ 42 ಕಿಲೋಮೀಟರಿಗೂ ಮಿಕ್ಕ ದಾರಿಯನ್ನು 2 ಘಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾದರು. ಬೆಳಗಾವಿ ಜಿಲ್ಲೆಯಲ್ಲಿಯೇ ಈ ಹೆಸರನ್ನು ಬಲ್ಲವರು ಎಷ್ಟು ಮಂದಿ?

ಡಿಮಾರನ ಕಥೆಯ ಉತ್ತರಾರ್ಧವು 1922ರಲ್ಲಿ ಮೊದಲಾಗುತ್ತದೆ. ಆಗ ಅವನಿಗೆ 33 ವರ್ಷ. ಅವನ ಕಾಲ ಮುಗಿಯಿತೆಂದು ಪತ್ರಿಕೆಗಳು ತಿಳಿದಿದ್ದವು. ಆ ವರ್ಷ ಗೆದ್ದನು. 1923ರಲ್ಲಿ ಗೆದ್ದನು. 1924ರಲ್ಲಿ ಓಟದ ಆರಂಭಸ್ಥಳವನ್ನು ಹಾಪ್‌ಕಿಂಟನ್ ಎಂಬ ಊರಿಗೆ ಸರಿಸಿ ದಾರಿಯನ್ನು ಉದ್ದಮಾಡಿದರು, ಆಗಲೂ ಗೆದ್ದನು. ಅದೇ ವರ್ಷ ಪ್ಯಾರಿಸಿನ ಒಲಿಂಪಿಕ್ ಪಂದ್ಯದಲ್ಲಿ ಮೂರನೆಯವನಾಗಿ ಕಂಚಿನ ಪದಕವನ್ನು ಪಡೆದನು. 1927, 1928, ಕೊನೆಗೆ 1930. ಹೀಗೆ ಒಟ್ಟು ಏಳು ಸಲ! ಏಳನೆಯ ಬಾರಿ ಗೆದ್ದಾಗ ಅವನ ವಯಸ್ಸು 41. ಅಷ್ಟು ವಯಸ್ಸಾದ ಪುರುಷನು ಆ ಓಟವನ್ನು ಹಿಂದೆಯೂ ಗೆದ್ದಿರಲಿಲ್ಲ, ಮುಂದೆಯೂ ಗೆದ್ದಿಲ್ಲ.

ಆ ದಾರಿಯ ಸ್ವಭಾವವನ್ನು ತಿಳಿದರೆ ಈ ವಿಜಯಗಳ ಬೆಲೆ ತಿಳಿದೀತು. ಹಾಪ್‌ಕಿಂಟನ್ನಿನಿಂದ ಹೊರಟವನಿಗೆ ಮೊದಲ ಹಲವು ಮೈಲುಗಳು ಇಳಿಜಾರು; ಕಾಲುಗಳು ತಾವಾಗಿಯೇ ಮುಂದಕ್ಕೆ ಹಾರುವುವು. ತಿಳಿಯದವನು ಅಲ್ಲಿಯೇ ಬಲವನ್ನೆಲ್ಲ ವೆಚ್ಚಮಾಡಿಬಿಡುವನು. 16ನೆಯ ಮೈಲಿನಿಂದಾಚೆಗೆ ನ್ಯೂಟನ್ನಿನ ದಿಣ್ಣೆಗಳು ಒಂದರ ಹಿಂದೊಂದು ಎದುರಾಗುತ್ತವೆ. ಮಾಂಸಖಂಡಗಳಲ್ಲಿ ಕೂಡಿಟ್ಟ ಸಕ್ಕರೆಯ ಅಂಶವು ಬರಿದಾಗುವುದೂ ಸುಮಾರಾಗಿ 20ನೆಯ ಮೈಲಿನ ಹೊತ್ತಿಗೆಯೇ. ಏರು ಮುಗಿಯುವಲ್ಲಿಯೇ ಬೊಕ್ಕಸವೂ ಮುಗಿದಿರುತ್ತದೆ. ಇನ್ನೂ ಐದಾರು ಮೈಲು ಉಳಿದಿರುತ್ತದೆ. ಡಿಮಾರನ ಕಾಲದಲ್ಲಿ ಇದರ ಮೇಲೆ ಮೋಟಾರುಗಾಡಿಗಳ ಹೊಗೆ, ಸೈಕಲ್ಲುಗಳ ನೂಕುನುಗ್ಗಲು ಬೇರೆ. ಹಾರ್ವರ್ಡಿನಲ್ಲಿ 1927ರಲ್ಲಿ ಸ್ಥಾಪಿತವಾದ ಆಯಾಸ ಪರಿಶೋಧನಾಲಯದ ವಿಜ್ಞಾನಿಗಳು ಅವನನ್ನು ಚಲಿಸುವ ಪಟ್ಟಿಯ ಮೇಲೆ ಓಡಿಸಿ ರಕ್ತವನ್ನು ಪರೀಕ್ಷಿಸಿದರು. ಇತರರ ರಕ್ತದಲ್ಲಿ ಬಳಲಿಕೆಯೊಡನೆ ಏರುವ ಹುಳಿಯ ಅಂಶವು ಅವನಲ್ಲಿ ಬಹಳ ಸ್ವಲ್ಪವಾಗಿಯೇ ಏರುವುದನ್ನು ಕಂಡರು.

ಇಷ್ಟಾದರೂ ಅವನು ಮೊಳೆ ಜೋಡಿಸುವುದನ್ನು ಬಿಡಲಿಲ್ಲ. ಕೆಲವು ಕಾಲ ನ್ಯೂ ಹ್ಯಾಂಪ್‌ಷೈರಿನ ಕೀನ್ ಎಂಬ ಊರಿನ ಶಿಕ್ಷಕರ ಶಾಲೆಯಲ್ಲಿ ಪಾಠ ಹೇಳಿದನು. 1937ರಲ್ಲಿ ತನ್ನ ಅನುಭವಗಳ ಪುಸ್ತಕವನ್ನು ಪ್ರಕಟಿಸಿದನು. 1911ರಲ್ಲಿ ತನ್ನನ್ನು ಪರೀಕ್ಷಿಸಿದ ವೈದ್ಯನು ಕೆಲವೇ ವರ್ಷಗಳಲ್ಲಿ ಹೃದ್ರೋಗದಿಂದಲೇ ತೀರಿಕೊಂಡನೆಂದೂ, ಪಾಪ, ಅಂದು ತನ್ನ ಹೃದಯದ ಸದ್ದನ್ನೇ ಕೇಳಿಸಿಕೊಂಡಿರಬೇಕೆಂದೂ ಡಿಮಾರನು ವಿನೋದವಾಗಿ ಹೇಳುತ್ತಿದ್ದನು.

ವಿನೋದವಿದ್ದರೂ ಪ್ರಶ್ನೆಯು ಇತ್ಯರ್ಥವಾಗಿರಲಿಲ್ಲ. ಡಿಮಾರನು 1954ರಲ್ಲಿ, 65ನೆಯ ವಯಸ್ಸಿನಲ್ಲಿ, ಬಾಸ್ಟನ್ನಿನ ಹಾದಿಯನ್ನು ಕೊನೆಯ ಬಾರಿ ಓಡಿ ಮುಗಿಸಿದನು. ಆಮೇಲೆ ಅರ್ಬುದರೋಗವು ಅವನನ್ನು ಹಿಡಿಯಿತು. ಶಸ್ತ್ರಚಿಕಿತ್ಸೆಯಾದ ಮೇಲೆಯೂ ಚಿಕ್ಕ ಓಟಗಳಲ್ಲಿ ಕಾಣಿಸಿಕೊಂಡನು. 1958ರ ಜೂನ್ 11ರಂದು, 70 ವರ್ಷ ತುಂಬಿದ ನಾಲ್ಕನೆಯ ದಿನ, ಮರಣಹೊಂದಿದನು. ಕರೆನ್ಸ್ ಎಂಬ ವೈದ್ಯನೂ, ಹೃದ್ರೋಗಚಿಕಿತ್ಸೆಯಲ್ಲಿ ವಿಖ್ಯಾತನಾದ ಪಾಲ್ ಡಡ್ಲಿ ವೈಟನೂ ಅವನ ಶವಪರೀಕ್ಷೆಯ ವರದಿಯನ್ನು 1961ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಹೃದಯಕ್ಕೆ ರಕ್ತವನ್ನೊಯ್ಯುವ ಧಮನಿಗಳು ಸಾಮಾನ್ಯರಲ್ಲಿರುವುದಕ್ಕಿಂತ 2ರಿಂದ 3 ಪಟ್ಟು ಅಗಲವಾಗಿದ್ದವೆಂದು ಅದರಲ್ಲಿ ಬರೆದಿತ್ತು.