ಕೈಗಾರಿಕಾ ನಿಯಂತ್ರಕಗಳ ಸ್ಮೃತಿ ಸವೆತ: ಒಂದು ಚಾರಿತ್ರಿಕ ವಿವೇಚನೆ

ಕಾರ್ಖಾನೆಯ ಯಂತ್ರಗಳನ್ನು ನಡೆಸುವ ವಿದ್ಯುನ್ಮಾನ ನಿಯಂತ್ರಕಗಳ ಶಾಶ್ವತ ಸ್ಮೃತಿಯು ಬರೆದಷ್ಟೂ ಸವೆಯುತ್ತದೆಂಬುದು ತಂತ್ರಜ್ಞರಿಗೆ ತಿಳಿದ ಸಂಗತಿ. ಆದರೆ ಈ ಸವೆತವು ಯಾವಾಗ, ಯಾವ ಕಾರಣದಿಂದ ಸಮಸ್ಯೆಯಾಗಿ ಪರಿಣಮಿಸಿತೆಂಬುದು ಇತಿಹಾಸದ ಪ್ರಶ್ನೆ. ಪ್ರಕೃತ ಲೇಖನದಲ್ಲಿ ನಾವು ಅದನ್ನು ಸಂಗ್ರಹವಾಗಿ ಪರಿಶೀಲಿಸುತ್ತೇವೆ.

೧೯೬೮ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಹೈಡ್ರಮ್ಯಾಟಿಕ್ ವಿಭಾಗವು, ಉತ್ಪಾದನೆ ಬದಲಾದಾಗಲೆಲ್ಲ ರಿಲೇಗಳ ತಂತಿಗಳನ್ನು ಮರುಜೋಡಿಸುವ ಶ್ರಮವನ್ನು ತಪ್ಪಿಸಬಲ್ಲ ನಿಯಂತ್ರಕವನ್ನು ಅಪೇಕ್ಷಿಸಿತು. ರಿಚರ್ಡ್ ಮಾರ್ಲಿ ಮತ್ತು ಸಂಗಡಿಗರು ರೂಪಿಸಿದ ‘ಮಾಡಿಕಾನ್ ೦೮೪’ ಈ ಅಪೇಕ್ಷೆಗೆ ದೊರೆತ ಉತ್ತರ. ಅದರ ಸ್ಮೃತಿಯು ಸಣ್ಣ ಕಾಂತೀಯ ಉಂಗುರಗಳಿಂದಾದುದು. ವಿದ್ಯುತ್ತು ನಿಂತರೂ ಅದರಲ್ಲಿನ ಬರಹ ಉಳಿಯುತ್ತಿತ್ತು. ಎಷ್ಟು ಸಲ ತಿದ್ದಿದರೂ ಉಂಗುರ ಸವೆಯುತ್ತಿರಲಿಲ್ಲ.

ಸವೆತವು ಬಂದದ್ದು ಅರೆವಾಹಕ ಸ್ಮೃತಿಯೊಡನೆ. ನಿರೋಧಕ ಪದರಗಳ ನಡುವೆ ವಿದ್ಯುದಾವೇಶವನ್ನು ಸೆರೆಯಿಡುವ ತತ್ತ್ವವನ್ನು ೧೯೬೭ರಲ್ಲಿ ಬೆಲ್ ಪ್ರಯೋಗಾಲಯದ ಕಾಂಗ್ ಮತ್ತು ಝೀ ಪ್ರಕಟಿಸಿದರು. ಈ ತತ್ತ್ವವನ್ನು ಆಧರಿಸಿದ ‘ಇಇಪ್ರಾಮ್’ ೧೯೮೦ರ ದಶಕದಲ್ಲಿ ಬಳಕೆಗೆ ಬಂದಿತು. ೧೯೮೪ರಲ್ಲಿ ತೋಷಿಬಾ ಸಂಸ್ಥೆಯ ಫುಜಿಯೊ ಮಾಸುವೊಕಾ ‘ಫ್ಲ್ಯಾಶ್’ ಸ್ಮೃತಿಯನ್ನು ಪ್ರಕಟಪಡಿಸಿದರು. ಇವುಗಳಿಗೆ ಬ್ಯಾಟರಿಯ ಆಸರೆ ಬೇಕಿಲ್ಲ. ಆದರೆ ಪ್ರತಿ ಬರಹಕ್ಕೂ ಎಲೆಕ್ಟ್ರಾನುಗಳು ತೆಳುವಾದ ಪದರವನ್ನು ಹಾಯಬೇಕು. ಹಾಯ್ದಂತೆಲ್ಲ ಪದರ ಕೆಡುತ್ತದೆ. ಬಳಪದಿಂದ ಬರೆದು ಒರೆಸಿ ಮತ್ತೆ ಬರೆದ ಕಡತದಂತೆ, ಸವೆತಕ್ಕೆ ಕಾರಣ ಓದಲ್ಲ, ಬರಹ.

ಹಾಗಿದ್ದರೂ ಮೊದಲಲ್ಲಿ ಯಾರೂ ಚಿಂತಿಸಬೇಕಾಗಿರಲಿಲ್ಲ. ಒಂದು ಸ್ಮೃತಿಕೋಶವು ೧,೦೦,೦೦೦ ಬರಹಗಳನ್ನು ತಾಳುವುದೆಂದು ಇಟ್ಟುಕೊಳ್ಳೋಣ. ಕೆಲಸಗಾರನು ಕುಲುಮೆಯ ಉಷ್ಣತೆಯ ಮಿತಿಯನ್ನು ಗುಂಡಿಯೊತ್ತಿ ದಿನಕ್ಕೆ ಹತ್ತು ಸಲ ಬದಲಿಸಿದರೂ ಅದು ೨೭ ವರ್ಷ ಬಾಳುತ್ತದೆ. ಆದರೆ ೧೯೭೯ರಲ್ಲಿ ಮಾಡಿಕಾನ್ ಸಂಸ್ಥೆಯೇ ಪ್ರಕಟಿಸಿದ ‘ಮಾಡ್‌ಬಸ್’ ಮೊದಲಾದ ಸಂವಹನ ನಿಯಮಗಳ ಮೂಲಕ ಗಣಕಯಂತ್ರವೂ ಅದೇ ಮಿತಿಯನ್ನು ಬರೆಯಬಲ್ಲದಾಯಿತು. ಅದು ಸೆಕೆಂಡಿಗೊಮ್ಮೆ ಬರೆದರೆ ಅದೇ ಕೋಶದ ಆಯುಸ್ಸು ೨೭ ಗಂಟೆ ೪೬ ನಿಮಿಷ. ಆದುದರಿಂದ ದೋಷವು ಸ್ಮೃತಿಯೊಂದರಲ್ಲಿಯೂ ಇಲ್ಲ, ಗಣಕದಲ್ಲಿಯೂ ಇಲ್ಲ. ಮನುಷ್ಯನ ಕೈಗೆಂದು ಅಳೆದ ವಸ್ತುವನ್ನು ಯಂತ್ರದ ಕೈಗೆ ಒಪ್ಪಿಸಿದುದರಲ್ಲಿದೆ.

ಈ ಹಾನಿಯು ಕೂಡಲೆ ಕಾಣಿಸಿಕೊಳ್ಳದಿರುವುದು ಗಮನಾರ್ಹ. ನಿಯಂತ್ರಕವು ತಾತ್ಕಾಲಿಕ ಸ್ಮೃತಿಯಲ್ಲಿನ ಪ್ರತಿಯಿಂದಲೇ ಕೆಲಸ ಮಾಡುತ್ತಿರಬಹುದು. ವಿದ್ಯುತ್ತು ಹೋಗಿ ಮರಳಿದಾಗ ಶಾಶ್ವತ ಸ್ಮೃತಿಯಲ್ಲಿ ತಪ್ಪು ಮಿತಿ ದೊರೆತರೆ ಕುಲುಮೆಗೂ ಅದರ ಬಳಿಯಿರುವವರಿಗೂ ಅಪಾಯ.

ಪರಿಹಾರಗಳು ಸರಳವಾದುವು. ಪದೇ ಪದೇ ಬದಲಾಗುವ ಮೌಲ್ಯಗಳನ್ನು ತಾತ್ಕಾಲಿಕ ಸ್ಮೃತಿಯ ವಿಳಾಸಕ್ಕೇ ಕಳುಹಿಸಬೇಕು. ಶಾಶ್ವತ ಸ್ಮೃತಿಗೆ ಬರೆಯುವ ಮುನ್ನ ಹಳೆಯ ಮೌಲ್ಯವನ್ನು ಓದಿ ಹೋಲಿಸಿ, ಭಿನ್ನವಾಗಿದ್ದರೆ ಮಾತ್ರ ಬರೆಯಬೇಕು. ಆಗಾಗ ಬರೆಯಲೇಬೇಕಾದಲ್ಲಿ ಬರಹವನ್ನು ನೂರು ಕೋಶಗಳಿಗೆ ಸರದಿಯಂತೆ ಹಂಚಿದರೆ ಆಯುಸ್ಸು ಸ್ಥೂಲವಾಗಿ ನೂರ್ಮಡಿಯಾಗುತ್ತದೆ.

ಹೊಸ ಸಾಧನವೊಂದು ಹಳೆಯದರೊಡನೆ ಸೇರಿದಾಗ, ಹಳೆಯದು ಯಾರ ಬಳಕೆಗಾಗಿ ನಿರ್ಮಿತವಾಗಿತ್ತೆಂದು ಕೇಳುವುದು ಅಗತ್ಯ. ತಂತ್ರವಿದ್ಯೆಯ ಇತಿಹಾಸವನ್ನು ಅಭ್ಯಸಿಸುವುದರ ಪ್ರಯೋಜನಗಳಲ್ಲಿ ಇದೂ ಒಂದೆಂದು ನಾವು ಭಾವಿಸುತ್ತೇವೆ.