ಫಾಸ್ಫೇಟ್ ಇರುವ ಪೆಪ್ಟೈಡ್‌ಗಳನ್ನು ಹಿಡಿಯಲು ಯಾವ ವಸ್ತು ಸರಿ?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಬೆರೆಸುತ್ತಾರೆ. ಸುಣ್ಣದ ಕ್ಯಾಲ್ಸಿಯಂ, ಹಾಲಿನಲ್ಲಿರುವ ಫಾಸ್ಫೇಟ್ ಜೊತೆ ಸೇರಿ ಮಡ್ಡಿಯಾಗಿ, ಕೊಳೆಯನ್ನೂ ಎಳೆದುಕೊಂಡು ತಳಕ್ಕಿಳಿಯುತ್ತದೆ. ರೈತರು ಹೊಲಕ್ಕೆ ಹಾಕುವ ಪ್ರೆಸ್‌ಮಡ್ ಬರುವುದು ಇದರಿಂದಲೇ. ಲೋಹಕ್ಕೂ ಫಾಸ್ಫೇಟಿಗೂ ಇರುವ ಇದೇ ನಂಟನ್ನು ಪ್ರೋಟೀನ್ ಪ್ರಯೋಗಾಲಯಗಳೂ ಬಳಸುತ್ತವೆ.

ಹಿಡಿಯುವುದೇಕೆ?

ಜೀವಕೋಶವು ಪ್ರೋಟೀನಿಗೆ ಫಾಸ್ಫೇಟ್ ಅಂಟಿಸಿ, ಕಳಚಿ ಅದರ ಕೆಲಸವನ್ನು ಬದಲಿಸುತ್ತದೆ. ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಕೊಡುವ ಇಮ್ಯಾಟಿನಿಬ್ ಔಷಧ ತಡೆಯುವುದು ಈ ಅಂಟಿಸುವ ಕೆಲಸವನ್ನೇ. ಇದನ್ನು ತಿಳಿಯಲು ಪ್ರೋಟೀನನ್ನು ಟ್ರಿಪ್ಸಿನ್ ಕಿಣ್ವದಿಂದ ಪೆಪ್ಟೈಡ್ ಎಂಬ ತುಣುಕುಗಳಾಗಿ ಕತ್ತರಿಸಿ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ನೋಡುತ್ತಾರೆ. ಫಾಸ್ಫೇಟ್ ಇರುವ ತುಣುಕುಗಳು ಕಡಿಮೆ. ಮೊದಲೇ ಬೇರ್ಪಡಿಸದಿದ್ದರೆ ಉಳಿದವುಗಳ ನಡುವೆ ಮರೆಯಾಗುತ್ತವೆ.

ಯಾವುದನ್ನು ಆರಿಸಬೇಕು?

ದುಬಾರಿ ವಸ್ತುವೇ ಒಳ್ಳೆಯದು ಎಂಬುದು ತಪ್ಪು ನಂಬಿಕೆ. ಟೈಟಾನಿಯಂ ಡೈಆಕ್ಸೈಡ್ ನಮ್ಮ ಗೋಡೆಯ ಬಿಳಿ ಪೇಂಟಿನಲ್ಲೂ ಇದೆ. ಅದರ ಸಣ್ಣ ಮಣಿಗಳು ಒಂದೇ ಫಾಸ್ಫೇಟ್ ಇರುವ ತುಣುಕುಗಳಿಗೆ ಚೆನ್ನಾಗಿ ಒಗ್ಗುತ್ತವೆ. ಹಲವು ಫಾಸ್ಫೇಟ್ ಇರುವವು ಅದಕ್ಕೆ ಬಿಗಿಯಾಗಿ ಕಚ್ಚಿಕೊಂಡು, ಬಿಡಿಸಲು ಕಷ್ಟವಾಗುತ್ತದೆ. ಅಂಥವುಗಳಿಗೆ ಸಾಮಾನ್ಯವಾಗಿ ಕಬ್ಬಿಣದ ಅಯಾನು ಕೂರಿಸಿದ ರೆಸಿನ್, ಅಂದರೆ ಐಮ್ಯಾಕ್, ಅನುಕೂಲ. ಆದರೆ ಮಾದರಿಯಲ್ಲಿ ಇಡಿಟಿಎ ಉಳಿದಿದ್ದರೆ ಅದು ಕಬ್ಬಿಣವನ್ನೇ ಕಿತ್ತುಕೊಳ್ಳುತ್ತದೆ. ಟೈರೋಸಿನ್ ಮೇಲೆ ಫಾಸ್ಫೇಟ್ ಇರುವುದು ಬಹಳ ವಿರಳ. ಅದನ್ನು ಹುಡುಕಲು ಪ್ರತಿಕಾಯಗಳನ್ನು ಬಳಸುತ್ತಾರೆ.

ಆಮ್ಲವೂ ಮುಖ್ಯ

ಗ್ಲುಟಾಮಿಕ್, ಆಸ್ಪಾರ್ಟಿಕ್ ಆಮ್ಲಗಳಿರುವ ತುಣುಕುಗಳೂ ಲೋಹಕ್ಕೆ ಅಂಟುತ್ತವೆ. ದ್ರಾವಣದ ಪಿಎಚ್ ಅನ್ನು 2ರ ಆಸುಪಾಸಿಗೆ ಇಳಿಸಿದರೆ ಅವುಗಳ ಋಣ ವಿದ್ಯುದಂಶ ಹೋಗುತ್ತದೆ, ಫಾಸ್ಫೇಟಿನದು ಬಹುಮಟ್ಟಿಗೆ ಉಳಿಯುತ್ತದೆ. ಮಣಿಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಹಾಕಿದರೆ ಖಾಲಿ ಜಾಗದಲ್ಲಿ ಬೇಡದವು ಬಂದು ಕೂರುತ್ತವೆ. ಹಿಡಿದದ್ದನ್ನು ಕೊನೆಗೆ ಅಮೋನಿಯಾ ನೀರಿನಿಂದ ಬಿಡಿಸಿಕೊಳ್ಳಬಹುದು.

ಪರೀಕ್ಷಿಸುವುದು ಹೇಗೆ?

ಹಸುವಿನ ಹಾಲಿನ ಬೀಟಾ ಕೇಸೀನ್ ಇದಕ್ಕೆ ಸಾಕು. ಅದರಲ್ಲಿ 5 ಫಾಸ್ಫೇಟ್‌ಗಳಿವೆ. ಟ್ರಿಪ್ಸಿನ್ ಕತ್ತರಿಸಿದಾಗ ಒಂದು ತುಣುಕಿನಲ್ಲಿ 1, ಇನ್ನೊಂದರಲ್ಲಿ 4 ಉಳಿಯುತ್ತವೆ. ಇದನ್ನು ಫಾಸ್ಫೇಟ್ ಇಲ್ಲದ ಬೇರೆ ಪ್ರೋಟೀನಿನ ತುಣುಕುಗಳ ಜೊತೆ ಬೆರೆಸಿ ನೋಡಬೇಕು. ಎರಡೂ ಸಿಕ್ಕರೆ ವಿಧಾನ ಸರಿಯಿದೆ. ಒಂದೇ ಸಿಕ್ಕರೆ, ನಾವು ಆರಿಸಿದ ವಸ್ತು ಯಾವುದನ್ನು ಬಿಡುತ್ತಿದೆ ಎಂಬುದು ತಿಳಿಯುತ್ತದೆ.

ಈ ಪರೀಕ್ಷೆ ಮಾಡದೆ ರೋಗಿಯ ಮಾದರಿಯಲ್ಲಿ ಫಾಸ್ಫೇಟ್ ಕಾಣಲಿಲ್ಲ ಎಂದರೆ, ಅದು ಇಲ್ಲವೆಂದು ಅರ್ಥವಲ್ಲ. ನಮ್ಮ ಮಣಿಗಳು ಅದನ್ನು ಹಿಡಿಯದೆ ಹೋಗಿರಬಹುದು, ಇಲ್ಲವೇ ಹಿಡಿದು ಬಿಡದೆ ಇರಬಹುದು.